ಹೊಸ .22 ರೈಫಲ್: ಮೊದಲ ಹೊಡೆತಕ್ಕೆ ಸಿಡಿಯದ ಕಾಡತೂಸು ಎರಡನೆಯದಕ್ಕೆ ಸಿಡಿಯುವುದೇಕೆ?

ಕಣಬರ್ಗಿ_50ಮೀ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಕ್ಲಬ್ಬಿನ ರೈಫಲಿನಲ್ಲಿ 50 ಮೀಟರ್ ಪ್ರೋನ್ (ಬೋರಲು ಮಲಗಿ ಗುರಿಯಿಡುವುದು) ಅಭ್ಯಾಸ ಮಾಡಿದ ಮೇಲೆ, ಪರವಾನಗಿಯ ಕಾಗದಪತ್ರಗಳೆಲ್ಲ ಮುಗಿದು, ಕಳೆದ ತಿಂಗಳು ನನ್ನದೇ ಆದ .22 ಬೋಲ್ಟ್ ಆ್ಯಕ್ಷನ್ ರೈಫಲ್ ಕೈಗೆ ಬಂತು. ತಯಾರಕರ ಹೆಸರನ್ನಾಗಲಿ ಕಾಡತೂಸಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ; ತಪ್ಪು ಯಾವುದರದೆಂದು ನನಗೇ ತಿಳಿಯದಿರುವಾಗ ಹೆಸರು ಎಳೆಯುವುದು ಸರಿಯಲ್ಲ.

ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ರೇಂಜಿಗೆ ಹೋಗಿ 100 ಕಾಡತೂಸು ಹಾರಿಸಿದೆ. ಅವುಗಳಲ್ಲಿ ಒಂಬತ್ತು ಮೊದಲ ಹೊಡೆತಕ್ಕೆ ಸಿಡಿಯಲಿಲ್ಲ. ಒಂಬತ್ತರಲ್ಲಿ ಏಳು ಮೊದಲ 40 ಕಾಡತೂಸುಗಳೊಳಗೇ ಬಂದವು, ಉಳಿದ ಎರಡು ಬಿಸಿಲೇರಿದ ಮೇಲೆ. ಪ್ರತಿ ಸಲವೂ ನಾನು ತಕ್ಷಣ ಬೋಲ್ಟಿನ (ಕಾಡತೂಸಿನ ಹಿಂದೆ ಮುಚ್ಚುವ, ಕೈಯಿಂದ ಸರಿಸುವ ಉಕ್ಕಿನ ಅಗುಳಿಯ) ಹಿಡಿಕೆಯನ್ನು ಎತ್ತಿ ಇಳಿಸಿ, ಕಾಡತೂಸನ್ನು ಹೊರತೆಗೆಯದೆ ಮತ್ತೆ ಕುದುರೆ (ಟ್ರಿಗರ್) ಎಳೆದೆ. ಏಳು ಸಿಡಿದವು, ಎರಡು ಆಗಲೂ ಸಿಡಿಯಲಿಲ್ಲ. ಹಿಡಿಕೆಯನ್ನು ಇಳಿಸುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ ಅನಿಸುತ್ತದೆ. ಹೊಸ ಯಂತ್ರವೆಂದು ಸುಮ್ಮನಿದ್ದೆ. ಸ್ಪ್ರಿಂಗ್ ದುರ್ಬಲವೇ, ಕಾಡತೂಸಿನ ಲಾಟ್ (ಒಟ್ಟಿಗೆ ತಯಾರಾದ ಕಂತು) ಕೆಟ್ಟದ್ದೇ, ಅಥವಾ ರೈಫಲನ್ನೇ ಹಿಂತಿರುಗಿಸಬೇಕೇ ಎಂಬ ಗೊಂದಲದಲ್ಲಿದ್ದೇನೆ.

ಜಮಖಂಡಿ ಕಬ್ಬಿನವ (ಬಾಗಲಕೋಟೆ ಜಿಲ್ಲೆ)

ಬೆಳೆ ಕಾಯಲು ನಮ್ಮ ಮನೆಯಲ್ಲಿ ಪರವಾನಗಿಯ 12 ಬೋರ್ ಬಂದೂಕು ಬಹಳ ವರ್ಷಗಳಿಂದ ಇದೆ. ಕಾಡತೂಸು ಸಿಡಿಯಲಿಲ್ಲವೆಂದರೆ ನಾವು ನೋಡುವುದು ಅದರ ಬುಡದ ನಡುವಿನ, ಸಿಡಿಮದ್ದು ತುಂಬಿದ ಕ್ಯಾಪನ್ನು: ಅದರ ಮೇಲೆ ಹೊಡೆಯುವ ಪಿನ್ನಿನ ಗುರುತು ಆಳವಾಗಿ ಬಿದ್ದಿದ್ದರೆ ತಪ್ಪು ಕಾಡತೂಸಿನದು, ಮೇಲುಮೇಲಾಗಿ ಬಿದ್ದಿದ್ದರೆ ಬಂದೂಕಿನದು. ನಿಮ್ಮದರ ಕ್ಯಾಪ್ ಹೇಗಿದೆಯೆಂದು ಮೊದಲು ನೋಡಿ.

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ತಮ್ಮಾ, ರೈಫಲಿನ ಮಾತಿಗೆ ಮುಂಚೆ ನಿನ್ನ ಕೈಯ ಮಾತು. ಕುದುರೆ ಎಳೆದಾಗ ಸದ್ದು ಬರದಿದ್ದರೆ ಅದು ಸತ್ತ ಕಾಡತೂಸೋ ತಡವಾಗಿ ಸಿಡಿಯುವ ಕಾಡತೂಸೋ ಎಂಬುದು ಆ ಕ್ಷಣದಲ್ಲಿ ಯಾರಿಗೂ ತಿಳಿಯುವುದಿಲ್ಲ. ನಳಿಕೆಯ ಬಾಯಿಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು, ಬೋಲ್ಟನ್ನು ಮುಟ್ಟದೆ, ಕನಿಷ್ಠ 30 ಸೆಕೆಂಡ್ ಮನಸ್ಸಿನಲ್ಲಿ ಎಣಿಸಬೇಕು. ಕೆಲವು ರೇಂಜುಗಳಲ್ಲಿ ಪೂರ್ತಿ ಒಂದು ನಿಮಿಷ ಕಾಯಿಸುತ್ತಾರೆ. ನೀನು ತಕ್ಷಣ ಹಿಡಿಕೆ ಎತ್ತಿದೆನೆಂದು ಬರೆದಿದ್ದೀಯ. ಅರ್ಧ ತೆರೆದ ಬೋಲ್ಟಿನೊಳಗೆ ಕಾಡತೂಸು ಸಿಡಿದರೆ ಹಿತ್ತಾಳೆಯ ಚೂರುಗಳು ಹಿಂದಕ್ಕೆ ಬರುತ್ತವೆ, ಪ್ರೋನ್‌ನಲ್ಲಿ ಮಲಗಿದವನ ಮುಖ ಅಲ್ಲೇ ಇರುತ್ತದೆ. ಇನ್ನೊಂದು ಸಂಗತಿ: ಸದ್ದು ಬಂದರೂ ಅದು ಎಂದಿನಂತಿಲ್ಲದೆ ಠುಸ್ ಎಂದಿದ್ದರೆ ಗುಂಡು ನಳಿಕೆಯೊಳಗೇ ನಿಂತಿರಬಹುದು. ಆಗ ಬೋಲ್ಟ್ ತೆಗೆದು, ಹಿಂಬದಿಯಿಂದ ನಳಿಕೆ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳದೆ ಮುಂದಿನ ಕಾಡತೂಸು ಹಾಕಕೂಡದು. ಈ ಎರಡನ್ನು ಯೂನಿಟ್ಟಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದೆ, ಇಲ್ಲಿಯೂ ಬಿಡುವುದಿಲ್ಲ.

ಜಮಖಂಡಿಯ ಯಜಮಾನರು ಹೇಳಿದ ಪರೀಕ್ಷೆ ಸರಿಯಾದದ್ದೇ, ಆದರೆ .22ಕ್ಕೆ ಕ್ಯಾಪ್ ಎಂಬುದೇ ಇಲ್ಲ. ಹಿತ್ತಾಳೆಯ ಕೊಳವೆಯ ಬುಡವನ್ನು ಮಡಚಿ ಮಾಡಿದ ಅಂಚಿನೊಳಗೇ ಸಿಡಿಮದ್ದನ್ನು ಹಸಿಯಾಗಿ ಇಟ್ಟು, ಕೊಳವೆಯನ್ನು ಗರಗರನೆ ತಿರುಗಿಸಿ ಅದು ಅಂಚಿನ ಸುತ್ತಲೂ ಹರಡುವಂತೆ ಮಾಡಿ, ಆಮೇಲೆ ಒಣಗಿಸುತ್ತಾರೆ. ಪಿನ್ನು ಆ ಅಂಚನ್ನು ಚೇಂಬರಿನ (ನಳಿಕೆಯಲ್ಲಿ ಕಾಡತೂಸು ಕೂರುವ ಗೂಡಿನ) ಹಿಂಬದಿಯ ಉಕ್ಕಿಗೆ ಜಜ್ಜಿದಾಗ ನಡುವೆ ಸಿಕ್ಕ ಮದ್ದು ಹೊತ್ತಿಕೊಳ್ಳುತ್ತದೆ. ಪಿನ್ನು ಕಮ್ಮಾರನ ಸುತ್ತಿಗೆಯಾದರೆ ಚೇಂಬರಿನ ಅಂಚು ಅವನ ಅಡಿಗಲ್ಲು. ಎರಡರ ನಡುವೆ ಕಾಡತೂಸಿನ ಅಂಚು ಒಂದು ಮಿಲಿಮೀಟರಿನಷ್ಟು ದಪ್ಪವಿರುತ್ತದೆ. ಹೀಗಾಗಿ ಸಿಡಿಯದಿರಲು ಕಾರಣ ನಾಲ್ಕು ಕಡೆ ಇರಬಹುದು. ಪಿನ್ನು ಬಿದ್ದ ಜಾಗದಲ್ಲಿ ಮದ್ದು ಹರಡಿರಲಿಕ್ಕಿಲ್ಲ. ಪಿನ್ನು ನಿಧಾನವಾಗಿ ಬಂದಿರಬಹುದು. ಕಾಡತೂಸು ಅಡಿಗಲ್ಲಿಗೆ ತಾಗುವಷ್ಟು ಒಳಗೆ ಕೂತಿರಲಿಕ್ಕಿಲ್ಲ; ಆಗ ಮೊದಲ ಏಟಿನ ಬಲವೆಲ್ಲ ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಕಳೆದುಹೋಗುತ್ತದೆ, ಎರಡನೆಯ ಏಟಿಗೆ ಅದು ಸಿಡಿಯುತ್ತದೆ. ಇಲ್ಲವೇ ಬೋಲ್ಟಿಗೂ ಚೇಂಬರಿಗೂ ನಡುವಿನ ಜಾಗವೇ ಅಳತೆಗಿಂತ ಹೆಚ್ಚಿರಬಹುದು.

ನಿನ್ನ ಏಳು ಕಾಡತೂಸುಗಳು ತಿರುಗಿಸದೆಯೇ, ಅದೇ ಜಾಗದ ಎರಡನೆಯ ಏಟಿಗೆ ಸಿಡಿದಿವೆ. ಅಂದರೆ ಮದ್ದು ಅಲ್ಲಿತ್ತು. ಆ ಏಳರ ಮಟ್ಟಿಗೆ ಕಾಡತೂಸನ್ನು ದೂರುವುದು ಬೇಡ. ಉಳಿದ ಎರಡು ಬೇರೆ ಕಥೆ, ಅವುಗಳನ್ನು ಎಸೆದಿಲ್ಲ ತಾನೇ? ಮುಂದಿನ ಸಲ ಸಿಡಿಯದಿದ್ದರೆ ಕಾದು, ಹೊರತೆಗೆದು, ಒಂದೇ ಏಟು ಬಿದ್ದ ಅಂಚನ್ನು ಸಿಡಿದ ಖಾಲಿ ಕೊಳವೆಯ ಪಕ್ಕದಲ್ಲಿಟ್ಟು ನೋಡು. ಎರಡನೆಯ ಏಟು ಹಾಕಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಗುಮ್ಮಟದ ನೆರಳು (ವಿಜಯಪುರ)

ಹೊಸ ರೈಫಲಿಗೆ ಎಣ್ಣೆ ಕಡಿಮೆಯಾಗಿರಬಹುದು. ನಮ್ಮ ಅಜ್ಜ ತಮ್ಮ ಬಂದೂಕಿಗೆ ಗಾಣದ ಕುಸುಬಿ ಎಣ್ಣೆಯನ್ನೇ ಹಚ್ಚುತ್ತಿದ್ದರು. ಬೋಲ್ಟಿನೊಳಗೆ ಧಾರಾಳವಾಗಿ ಬಿಟ್ಟು ನೋಡಿ.

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ಅಜ್ಜನವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ದಯವಿಟ್ಟು ಬೇಡ. ಕುಸುಬಿ ಎಣ್ಣೆ ಗಾಳಿಗೆ ತೆರೆದಿದ್ದರೆ ನಿಧಾನವಾಗಿ ಒಣಗಿ ಅಂಟಾಗುತ್ತದೆ, ಅದೇ ಗುಣಕ್ಕಾಗಿ ಅದನ್ನು ಬಣ್ಣಗಳಲ್ಲಿ ಬಳಸುತ್ತಾರೆ. ಕೊಬ್ಬರಿ ಎಣ್ಣೆಯ ಸಲಹೆ ಬರುವ ಮುನ್ನವೇ ಅದನ್ನೂ ಹೇಳಿಬಿಡುತ್ತೇನೆ: ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವುದನ್ನು ಚಳಿಗಾಲದ ಬೆಳಿಗ್ಗೆ ಎಲ್ಲರೂ ಬಚ್ಚಲ ಮನೆಯ ಬಾಟಲಿಯಲ್ಲಿ ನೋಡಿದ್ದೇವೆ. ಕಾಡತೂಸಿಗೆ ಯಾವ ಎಣ್ಣೆಯನ್ನೂ ತಾಗಿಸಬೇಡಿ, ಸಂದಿಯಿಂದ ಒಳಗೆ ಇಳಿದರೆ ಮದ್ದು ಸಾಯುತ್ತದೆ.

ಕಣಬರ್ಗಿ_50ಮೀ (ಬೆಳಗಾವಿ)

ಹವಾಲ್ದಾರ್ ಸಾಹೇಬರೇ, ತಪ್ಪು ಒಪ್ಪಿಕೊಂಡೆ. ಅಂದು ರೇಂಜಿನ ಉಸ್ತುವಾರಿಯವರೂ ಅದನ್ನೇ ಹೇಳಿ ಗದರಿದ್ದರು, ಇಲ್ಲಿ ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಸಿಡಿಯದ ಎರಡು ಕಾಡತೂಸುಗಳು ಅವರ ಡಬ್ಬಿಯಲ್ಲಿ ಭದ್ರವಾಗಿವೆ.

ನಿನ್ನೆ ಮತ್ತೆ ಹೋಗಿದ್ದೆ. ಅದೇ ಲಾಟಿನ ಕಾಡತೂಸು ಕ್ಲಬ್ಬಿನ ದಾಸ್ತಾನಿನಲ್ಲೂ ಇದ್ದುದರಿಂದ, ಕೋಚ್ ಅವರು ಕ್ಲಬ್ಬಿನ ರೈಫಲಿನಲ್ಲಿ 50 ಹಾರಿಸಿ ತೋರಿಸಿದರು, ಎಲ್ಲವೂ ಸಿಡಿದವು. ನನ್ನ ರೈಫಲಿನಲ್ಲಿ ಏಳೂವರೆಯಿಂದ ಎಂಟರ ನಡುವೆ 30 ಹಾರಿಸಿದ್ದರಲ್ಲಿ ಐದು ಸಿಡಿಯಲಿಲ್ಲ. ಕಾದು, ಹೊರತೆಗೆದು, ಗಡಿಯಾರ ರಿಪೇರಿಯವರ ಕಣ್ಣಿನ ಮಸೂರದಲ್ಲಿ ನೋಡಿದೆ. ಐದರ ಅಂಚಿನಲ್ಲೂ ಗುರುತು ಇದೆ, ಸರಿಯಾದ ಜಾಗದಲ್ಲೇ ಇದೆ, ಆದರೆ ಸಿಡಿದವುಗಳ ಅರ್ಧದಷ್ಟೂ ಆಳವಿಲ್ಲ. ಎಷ್ಟು ಮೇಲುಮೇಲಾಗಿದೆಯೆಂದರೆ ಬೆರಳ ಉಗುರು ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಉದ್ಯಮಬಾಗ ಲೇಥ್ (ಬೆಳಗಾವಿ)

ನನಗೆ ಬಂದೂಕಿನ ಅನುಭವವಿಲ್ಲ, ಲೋಹದ ಅನುಭವವಿದೆ. ಗುರುತು ಮೇಲುಮೇಲಾಗಿದೆಯೆಂದರೆ ಸ್ಪ್ರಿಂಗಿನ ಒತ್ತಡ ಸಾಲದು. ಹಿಂದೆ ಒಂದು ವಾಶರ್ ಕೂರಿಸಿದರೆ ಒತ್ತಡ ಏರುತ್ತದೆ, ಇಲ್ಲವೇ ದಪ್ಪ ತಂತಿಯ ಹೊಸ ಸ್ಪ್ರಿಂಗ್ ಸುತ್ತಿಸಬಹುದು. ಪಿನ್ನಿನ ತುದಿಯನ್ನು ಎರಡು ಕೂದಲೆಳೆಯಷ್ಟು ಉದ್ದ ಮಾಡಿ ಒಂದು ಪಿನ್ ನಾನೇ ತಿರುವಿ ಕೊಡಬಲ್ಲೆ, ಅರ್ಧ ದಿನದ ಕೆಲಸ.

ಟಿಳಕವಾಡಿ ಕರಿಕೋಟು (ಬೆಳಗಾವಿ)

ಲೇಥ್ ಅಣ್ಣಾವ್ರೇ, ನಿಮ್ಮ ಉಪಕಾರದ ಮನಸ್ಸು ಅರ್ಥವಾಗುತ್ತದೆ, ಆದರೆ ಆ ಅರ್ಧ ದಿನದ ಕೆಲಸ ನಿಮ್ಮನ್ನು ಬಹಳ ದಿನ ನ್ಯಾಯಾಲಯಕ್ಕೆ ಅಲೆಸಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರವೆಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಬಂದೂಕು ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿಗಳಿಗೆ ಸೆಕ್ಷನ್ 5ರ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ರೈಫಲ್ ಇಟ್ಟುಕೊಳ್ಳುವ ಪರವಾನಗಿ ಬೇರೆ, ಅದನ್ನು ದುರಸ್ತಿ ಮಾಡುವ ಪರವಾನಗಿ ಬೇರೆ. ಮಾಲೀಕರು ತಮ್ಮ ಕೈಪಿಡಿಯಲ್ಲಿ ಹೇಳಿದಷ್ಟು ಬಿಚ್ಚಿ ಸ್ವಚ್ಛ ಮಾಡಿಕೊಳ್ಳಲಿ. ಪಿನ್ನು, ಸ್ಪ್ರಿಂಗ್ ಬದಲಿಸುವ ಹಂತ ಬಂದರೆ ಪರವಾನಗಿಯುಳ್ಳ ಡೀಲರ್ ಮೂಲಕವೇ ಹೋಗಲಿ.

ಉದ್ಯಮಬಾಗ ಲೇಥ್ (ಬೆಳಗಾವಿ)

ತಿಳಿಯದೆ ಬರೆದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರಾತ್ರಿ ಮಲಗಿದಾಗ ವಾಶರಿನ ಸಲಹೆಯ ದೋಷವೂ ಹೊಳೆಯಿತು: ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಸ್ಪ್ರಿಂಗ್ ಕುಗ್ಗಿಬಿಟ್ಟರೆ ಪಿನ್ನು ಪೂರ್ತಿ ಹಿಂದಕ್ಕೆ ಸರಿಯುವುದೇ ಇಲ್ಲ.

ಆದರೆ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಮೊದಲ ಭಾನುವಾರ ಒಂಬತ್ತರಲ್ಲಿ ಏಳು ಬೆಳಗಿನ ಚಳಿಯಲ್ಲೇ ಬಂದವೆಂದು ಬರೆದಿದ್ದೀರಿ. ಸ್ಪ್ರಿಂಗ್ ದುರ್ಬಲವಾಗಿದ್ದರೆ ಅದು ಬೆಳಿಗ್ಗೆಯೂ ದುರ್ಬಲ, ಹತ್ತು ಗಂಟೆಗೂ ದುರ್ಬಲ. ಬಿಸಿಲೇರಿದಂತೆ ಸುಧಾರಿಸುವ ಕಾಯಿಲೆ ಉಕ್ಕಿನದಲ್ಲ, ಜಿಡ್ಡಿನದು. ನಮ್ಮ ಶೆಡ್ಡಿನ ಹೈಡ್ರಾಲಿಕ್ ಪ್ರೆಸ್ ಡಿಸೆಂಬರಿನಲ್ಲಿ ಬೆಳಿಗ್ಗೆ ಮೊದಲ ಕಾಲು ಗಂಟೆ ಎಮ್ಮೆಯಂತೆ ಮೈಮುರಿಯುತ್ತದೆ, ಎಣ್ಣೆ ಬೆಚ್ಚಗಾದ ಮೇಲೆ ತಾನೇ ದಾರಿಗೆ ಬರುತ್ತದೆ. ನಿಮ್ಮ ಬೋಲ್ಟಿನೊಳಗೆ ಏನಿದೆಯೆಂದು ಯಾರಾದರೂ ನೋಡಿದ್ದಾರೆಯೇ?

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ಇದು ಸರಿಯಾದ ಪ್ರಶ್ನೆ, ನಾನೇ ಕೇಳಬೇಕಿತ್ತು. ಹೊಸ ರೈಫಲನ್ನು ಕಾರ್ಖಾನೆಯಿಂದ ಕಳಿಸುವಾಗ ತುಕ್ಕು ಹಿಡಿಯದಿರಲೆಂದು ದಪ್ಪ ರಕ್ಷಣಾ ಗ್ರೀಸ್ ಹಚ್ಚಿರುತ್ತಾರೆ. ಹೊರಮೈಯದನ್ನು ಎಲ್ಲರೂ ಒರೆಸುತ್ತಾರೆ, ಬೋಲ್ಟಿನ ಹೊಟ್ಟೆಯೊಳಗಿನದು ಹಾಗೆಯೇ ಉಳಿಯುತ್ತದೆ. ಪಿನ್ನು ಆ ಗ್ರೀಸನ್ನು ಸೀಳಿಕೊಂಡು ಓಡಬೇಕು, ಚಳಿಯಲ್ಲಿ ಅದು ಇನ್ನೂ ಗಟ್ಟಿ.

ಆದರೆ ಹಿಡಿಕೆಯ ಬಿಗಿಯನ್ನೂ ಮರೆಯಬೇಡ. ಹಿಡಿಕೆ ತನ್ನ ಕೊನೆಯ ಜಾಗಕ್ಕೆ ಇಳಿಯದಿದ್ದರೆ, ಕುದುರೆ ಎಳೆದಾಗ ಸ್ಪ್ರಿಂಗಿನ ಬಲದ ಒಂದು ಪಾಲು ಹಿಡಿಕೆಯನ್ನು ಕೆಳಕ್ಕೆ ಎಳೆಯುವುದಕ್ಕೇ ಹೋಗುತ್ತದೆ. ಸ್ಪರ್ಧೆಯ ರೈಫಲುಗಳ ಚೇಂಬರು ಬಿಗಿಯಾಗಿರುವುದು ಸಹಜ; .22ರ ಗುಂಡಿನ ಹೊರಮೈಗೆ ಸವರಿದ ಮೇಣ ಚೇಂಬರಿನ ಮುಂಬಾಯಿಯಲ್ಲಿ ಕೂಡಿಕೊಂಡರೆ ಇನ್ನಷ್ಟು ಬಿಗಿಯಾಗುತ್ತದೆ. ಈಗ ನಮ್ಮ ಮುಂದೆ ಇಬ್ಬರು ಆರೋಪಿಗಳಿದ್ದಾರೆ. ಇಬ್ಬರನ್ನೂ ಒಂದೇ ದಿನ ತೊಳೆದುಬಿಟ್ಟರೆ ಕಳ್ಳ ಯಾರೆಂದು ಎಂದೂ ತಿಳಿಯುವುದಿಲ್ಲ. ಮೊದಲು ಚೇಂಬರು ಮಾತ್ರ ತೊಳೆ: ಬೋಲ್ಟ್ ತೆಗೆದು, ಹಿಂಬದಿಯಿಂದಲೇ, ಕಂಚಿನ ಬ್ರಶ್ಶಿನಿಂದ ತಿಕ್ಕಿ, ಒಣ ಚಿಂದಿ ಬೆಳ್ಳಗೆ ಹೊರಬರುವವರೆಗೆ ಒರೆಸು. ಅದೇ ಹೊತ್ತಿಗೆ, ಅದೇ ಲಾಟಿನ 30 ಹಾರಿಸಿ ಲೆಕ್ಕ ಬರೆ. ಬೋಲ್ಟ್ ಆಮೇಲೆ.

ಬೋಲ್ಟ್ ತೊಳೆಯುವ ದಿನ ಬಣ್ಣದ ಅಂಗಡಿಯ ಟರ್ಪೆಂಟೈನ್ ಸಾಕು. ಗಾಳಿಯಾಡುವ ಜಾಗದಲ್ಲಿ ಕೂರು, ಹತ್ತಿರ ಒಲೆಯಾಗಲಿ ಊದಿನಕಡ್ಡಿಯಾಗಲಿ ಇರಬಾರದು. ಟ್ರಿಗರಿನ ಪೆಟ್ಟಿಗೆಗೆ ಒಂದು ಹನಿಯೂ ಬೀಳಬಾರದು. ಬಿಚ್ಚುವ ಕ್ರಮ ಕೈಪಿಡಿಯಲ್ಲಿದ್ದಷ್ಟೇ, ಅಲ್ಲಿ ಇಲ್ಲದ ಪಿನ್ನನ್ನು ತಟ್ಟಿ ತೆಗೆಯಬೇಡ. ಒಣಗಿದ ಮೇಲೆ ಪಿನ್ನು ಓಡುವ ದಾರಿಗೆ ತೆಳು ಯಂತ್ರದ ಎಣ್ಣೆ ತಾಗಿದ ಚಿಂದಿಯನ್ನು ಒಮ್ಮೆ ಎಳೆದರೆ ಆಯಿತು.

ಗುಮ್ಮಟದ ನೆರಳು (ವಿಜಯಪುರ)

ಎಣ್ಣೆಯ ವಿಷಯದಲ್ಲಿ ಸೋತಿದ್ದೇನೆ, ಈಗ ನನ್ನದೇ ಒಂದು ಸಮಸ್ಯೆ ಕೇಳುತ್ತೇನೆ. ಅಪ್ಪಾಜಿಯವರ ನಂತರ ಪರವಾನಗಿ ನನ್ನ ಹೆಸರಿಗೆ ವರ್ಗವಾದ ಹಳೆಯ .22 ರೈಫಲಿನಲ್ಲಿ ಹತ್ತಕ್ಕೆ ಒಂದು ಸಿಡಿಯುವುದಿಲ್ಲ, ಕಾಡತೂಸು ಒಳಗೆ ಹೋಗುವುದೂ ಕಷ್ಟ, ಹೊರಗೆ ಬರುವುದೂ ಕಷ್ಟ. ವಿಜಯಪುರದ ಬಿಸಿಲಿನಲ್ಲಿ ಗ್ರೀಸ್ ಗಟ್ಟಿಯಾಗುವ ಮಾತೇ ಇಲ್ಲ.

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ರೈಫಲ್ ಖಾಲಿಯಿದೆಯೆಂದು ಎರಡು ಬಾರಿ ನೋಡಿ, ಬೋಲ್ಟ್ ತೆಗೆದು, ಟಾರ್ಚ್ ಹಿಡಿದು ಚೇಂಬರಿನ ಹಿಂಬದಿಯ ಅಂಚನ್ನು ನೋಡಿರಿ. ಪಿನ್ನು ಬೀಳುವ ಜಾಗದಲ್ಲಿ ಉಕ್ಕಿನಲ್ಲೇ ಕುಳಿ ಬಿದ್ದಿದೆಯೇ?

ಗುಮ್ಮಟದ ನೆರಳು (ವಿಜಯಪುರ)

ಇದೆ. ಅಕ್ಕಿ ಕಾಳಿನ ತುದಿಯಷ್ಟು ಕುಳಿ, ಅದರ ಒಳಗಡೆ ಲೋಹ ಉಬ್ಬಿ ಚೇಂಬರಿನೊಳಕ್ಕೆ ಚಾಚಿಕೊಂಡಿದೆ.

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ಹಾಗಿದ್ದರೆ ಯಾರೋ ವರ್ಷಗಟ್ಟಲೆ ಖಾಲಿ ಚೇಂಬರಿನ ಮೇಲೆ ಕುದುರೆ ಎಳೆದು ಅಭ್ಯಾಸ ಮಾಡಿದ್ದಾರೆ. ಪಿನ್ನಿನ ಉದ್ದ ಸರಿಯಿದ್ದರೆ ಅದು ಚೇಂಬರಿನ ಅಂಚಿಗೆ ತಾಗಲೇಬಾರದು, ಆದರೆ ಅನೇಕ ಹಳೆಯ ರೈಫಲುಗಳಲ್ಲಿ ತಾಗುತ್ತದೆ. ನಡುವೆ ಹಿತ್ತಾಳೆಯ ಅಂಚು ಇಲ್ಲದಿದ್ದಾಗ ಸುತ್ತಿಗೆ ನೇರವಾಗಿ ಅಡಿಗಲ್ಲಿಗೇ ಬೀಳುತ್ತದೆ. ಉಬ್ಬಿದ ಲೋಹ ಕಾಡತೂಸನ್ನು ತಡೆಯುತ್ತದೆ, ಕುಳಿ ಬಿದ್ದ ಜಾಗದಲ್ಲಿ ಕಾಡತೂಸಿನ ಅಂಚಿಗೆ ಆಸರೆಯಿಲ್ಲದೆ ಮದ್ದು ಜಜ್ಜುವುದೂ ಇಲ್ಲ. ಇದಕ್ಕೆ ಪರವಾನಗಿಯುಳ್ಳ ದುರಸ್ತಿಗಾರರ ಬಳಿ ಉಬ್ಬನ್ನು ಒತ್ತಿ ಹಿಂದಕ್ಕೆ ಕೂರಿಸುವ ಸಲಕರಣೆ ಇರುತ್ತದೆ. ಅರದಿಂದ ಉಜ್ಜಿದರೆ ಲೋಹವೇ ಹೋಗಿ ರೈಫಲ್ ಕೆಡುತ್ತದೆ. ಅಲ್ಲಿಯವರೆಗೆ ಅದನ್ನು ಬಳಸಬೇಡಿ.

ಕಣಬರ್ಗಿ_50ಮೀ (ಬೆಳಗಾವಿ)

ಎರಡು ವಾರದ ಲೆಕ್ಕ ಒಟ್ಟಿಗೆ ಕೊಡುತ್ತಿದ್ದೇನೆ.

ಮೊದಲ ವಾರ ಚೇಂಬರು ಮಾತ್ರ ತೊಳೆದೆ. ಮೊದಲ ಮೂರು ಚಿಂದಿಗಳು ಕಂದು ಬಣ್ಣದ ಮೇಣದೊಡನೆ ಬಂದವು, ಆರನೆಯದು ಬೆಳ್ಳಗಿತ್ತು. ಹಿಡಿಕೆಯ ಬಿಗಿ ಬಹುತೇಕ ಹೋಯಿತು. ನನಗೆ ಅಲ್ಲಿಗೇ ಗೆದ್ದೆನೆಂಬ ಭಾವನೆ ಬಂದಿತ್ತು, ಆದರೆ ಬೆಳಿಗ್ಗೆ ಏಳೂವರೆಗೆ 30 ಹಾರಿಸಿದರೆ ನಾಲ್ಕು ಸಿಡಿಯಲಿಲ್ಲ, ಗುರುತುಗಳು ಅಷ್ಟೇ ಮೇಲುಮೇಲಾಗಿದ್ದವು. ಸಾಹೇಬರು ತಡೆಯದಿದ್ದರೆ ಎರಡನ್ನೂ ಒಂದೇ ದಿನ ತೊಳೆದು, ಮೇಣವೇ ಕಾರಣವೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಎರಡನೆಯ ವಾರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಬೋಲ್ಟ್ ಬಿಚ್ಚಿದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಕಾಕಂಬಿಯಂತಹ ಗ್ರೀಸ್ ತುಂಬಿಕೊಂಡಿತ್ತು; ಪಿನ್ನನ್ನು ಬೆರಳಿನಿಂದ ತಳ್ಳಿ ಬಿಟ್ಟರೆ ಅದು ತನ್ನ ಭಾರಕ್ಕೆ ಜಾರುವ ಬದಲು ನಿಂತಲ್ಲೇ ನಿಂತಿತು. ತೊಳೆದು ಒಣಗಿಸಿದ ಮೇಲೆ ಬೋಲ್ಟನ್ನು ಓರೆ ಮಾಡಿದರೆ ಪಿನ್ನು ಸಲೀಸಾಗಿ ಹಿಂದೆ ಮುಂದೆ ಓಡುತ್ತಿತ್ತು. ಅದೇ ಲಾಟು, ಅದೇ ಏಳೂವರೆ, 100 ಕಾಡತೂಸು. ಸಿಡಿಯದೆ ಉಳಿದದ್ದು ಒಂದೇ ಒಂದು. ಅದರ ಅಂಚಿನ ಗುರುತು ಪೂರ್ತಿ ಆಳವಾಗಿತ್ತು. ಉಸ್ತುವಾರಿಯವರ ಎದುರಿನಲ್ಲಿ ಅರ್ಧ ಸುತ್ತು ತಿರುಗಿಸಿ ಹಾಕಿದೆ, ಸಿಡಿಯಿತು.

ಜಮಖಂಡಿ ಕಬ್ಬಿನವ (ಬಾಗಲಕೋಟೆ ಜಿಲ್ಲೆ)

ಚಳಿಗಾಲದಲ್ಲಿ ಕಾಕಂಬಿ ಡಬ್ಬಿಯನ್ನು ಬೋರಲು ಹಾಕಿದರೂ ಸುರಿಯುವುದಿಲ್ಲವೆಂದು ನನ್ನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

ಬಿಳಿ ಗುರಿಹಲಗೆ, ಕೋಚ್ (ಬೆಳಗಾವಿ)

ಆ ಒಂದು ಕಾಡತೂಸು, ಮತ್ತು ಮೊದಲ ದಿನದ ಎರಡು, ಇವು ಬೇರೆ ಜಾತಿಯವು. ಡಬ್ಬಿಯಲ್ಲಿದ್ದ ಎರಡನ್ನೂ ನಾನು ಪರೀಕ್ಷಿಸಿದೆ: ತಿರುಗಿಸಿ ಹಾಕಿದಾಗ ಒಂದು ಸಿಡಿಯಿತು, ಇನ್ನೊಂದು ಮೂರು ಕಡೆ ಆಳವಾದ ಗುರುತು ಬಿದ್ದರೂ ಸಿಡಿಯಲಿಲ್ಲ. ತಿರುಗಿಸಿದ ಮೇಲೆ ಸಿಡಿದರೆ ಮದ್ದು ಅಂಚಿನ ಸುತ್ತ ಸಮವಾಗಿ ಹರಡಿಲ್ಲವೆಂದು ಅರ್ಥ. ರಿಮ್‌ಫೈರ್ (ಅಂಚಿನಲ್ಲಿ ಮದ್ದಿರುವ) ಕಾಡತೂಸಿನ ತಯಾರಿಕೆಯ ಸ್ವಭಾವದಿಂದಾಗಿಯೇ ಇಂತಹ ದೋಷ ನಡುವೆ ಕ್ಯಾಪ್ ಇರುವ ಸೆಂಟರ್‌ಫೈರ್‌ಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಹೀಗೆ ನಿಮ್ಮ ಮೊದಲ ದಿನದ ಒಂಬತ್ತರಲ್ಲಿ ಏಳು ರೈಫಲಿನವು, ಎರಡು ಕಾಡತೂಸಿನವು. ಎರಡು ದೋಷ ಒಂದೇ ಚೀಲದಲ್ಲಿ ಬೆರೆತಿದ್ದವು. ಕ್ಲಬ್ಬಿನ 50 ಸಿಡಿದದ್ದನ್ನು ನೋಡಿ ಲಾಟು ನಿರ್ದೋಷಿಯೆಂದು ನಾನೂ ಅವಸರದಲ್ಲಿ ಹೇಳಿದ್ದೆ. ನೂರಕ್ಕೆ ಒಂದೆರಡು ಬರುವ ದೋಷ 50ರಲ್ಲಿ ಕಾಣಿಸದಿರುವುದು ಆಶ್ಚರ್ಯವಲ್ಲ.

ಅಭ್ಯಾಸಕ್ಕೆ ಇಂತಹ ಲಾಟು ನಡೆಯುತ್ತದೆ, ಸ್ಪರ್ಧೆಗೆ ನಾನು ಕೊಡುವುದಿಲ್ಲ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಇದೇ .22ರ 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ. ಅದಾದ ಮೇಲೆ ನಮ್ಮ ರೇಂಜಿಗೆ ಬರುವ ಹುಡುಗರೆಲ್ಲ ನನ್ನನ್ನು ಜಾಕೆಟಿನ ಬೆಲೆ ಕೇಳುತ್ತಾರೆ, ಕಾಡತೂಸಿನ ಲಾಟ್ ಸಂಖ್ಯೆ ಬರೆದಿಟ್ಟುಕೊಳ್ಳುವವರು ಇಬ್ಬರೋ ಮೂವರೋ. ಡಬ್ಬಿಯ ಮೇಲಿನ ಆ ಸಂಖ್ಯೆಯನ್ನು, ಹಾರಿಸಿದ ಹೊತ್ತನ್ನು, ಸಿಡಿಯದವುಗಳ ಗುರುತಿನ ಆಳವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈ ಸಲ ನಿಮ್ಮ ರೈಫಲನ್ನು ಹಿಂದಕ್ಕೆ ಕಳಿಸದಂತೆ ಉಳಿಸಿದ್ದು ಏಳೂವರೆ ಎಂದು ನೀವು ಬರೆದಿಟ್ಟ ಹೊತ್ತು.

ಕಣಬರ್ಗಿ_50ಮೀ (ಬೆಳಗಾವಿ)

ಹೊತ್ತನ್ನು ಬರೆದಿಟ್ಟದ್ದು ಜಾಣತನದಿಂದಲ್ಲ, ಕೆಲಸಕ್ಕೆ ತಡವಾಗುತ್ತದೆಂಬ ಹೆದರಿಕೆಯಿಂದ. ಉಳಿದ ಮೂರು ಡಬ್ಬಿಗಳ ಲಾಟ್ ಸಂಖ್ಯೆಯನ್ನು ಡೀಲರಿಗೆ ತಿಳಿಸಿದ್ದೇನೆ. ಇಂದು ಬೆಳಿಗ್ಗೆ ಬೇರೆ ಲಾಟಿನ 60 ಹಾರಿಸಿದೆ, ಎಲ್ಲವೂ ಮೊದಲ ಏಟಿಗೇ ಸಿಡಿದವು.

ಗುಮ್ಮಟದ ನೆರಳು (ವಿಜಯಪುರ)

ನನ್ನ ರೈಫಲನ್ನು ಡೀಲರ ಮೂಲಕ ದುರಸ್ತಿಗೆ ಕೊಟ್ಟು ರಸೀದಿ ಪಡೆದಿದ್ದೇನೆ. ಬಂದ ಮೇಲೆ ಇಲ್ಲಿ ಬರೆಯುತ್ತೇನೆ.

ಮಾಜಿ ಕೋತ್ ಹವಾಲ್ದಾರ (ಬೆಳಗಾವಿ)

ಒಳ್ಳೆಯದಾಯಿತು ಇಬ್ಬರಿಗೂ. ಕಣಬರ್ಗಿಯ ತಮ್ಮನಿಗೆ ಒಂದು ಮಾತು ಬಾಕಿ ಇದೆ: ನಿನ್ನ ಬೋಲ್ಟಿನ ಒಳಗೆ ಈಗ ಹೆಚ್ಚುಕಡಿಮೆ ಬರಿಯ ಉಕ್ಕು ಇದೆ. ಚಳಿಗಾಲಕ್ಕೆ ಅದು ಸರಿ, ಆದರೆ ನಮ್ಮ ಬೆಳಗಾವಿಯ ಮಳೆ ಜೂನಿನಲ್ಲಿ ಹಿಡಿದರೆ ಗೋಡೆಯ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಮೇ ಕೊನೆಗೆ ಮತ್ತೊಮ್ಮೆ ಬಿಚ್ಚಿ, ತೆಳು ಎಣ್ಣೆಯ ಚಿಂದಿ ಎಳೆದು, ರೈಫಲನ್ನು ಮುಚ್ಚಿದ ಚೀಲದಲ್ಲಿ ಇಡದೆ ಗಾಳಿಯಾಡುವಂತೆ ಬೀಗದ ಕಪಾಟಿನಲ್ಲಿ ನಿಲ್ಲಿಸು.